ಸರಪಳಿ ಮನೆಗೆ ಬಂದ ಒಂಟಿ ಗಿರಾಕಿ

ಮುಚ್ಚಿದ ಬಾಗಿಲು ನೋಡಿದ್ರೆ ಸಾಕು, ಒಳಗೆ ಯಾರು ಯಾರ ಜೊತೆ ಮಾತು ಬಿಟ್ಟಿದಾರೆ ಅಂತ ನಾನು ಹೇಳಿಬಿಡ್ತೀನಿ. ಇಲ್ಲಿವರೆಗೆ ಹತ್ತು ಸಾವಿರ ಮನೆ ಹೊಕ್ಕು ಬಂದಿದೀನಿ, ಒಂದರಲ್ಲೂ ತಪ್ಪಿಲ್ಲ. ಹಾಗೆ ಹುಬ್ಬು ಏರಿಸಬೇಡ, ಅರ್ಧ ಸುಳ್ಳು ಅಂತ ನಾನೇ ಒಪ್ಕೋತೀನಿ. ಹತ್ತು ಸಾವಿರ ಅಲ್ಲ, ತಪ್ಪಿದ್ದೂ ಉಂಟು. ನಮ್ಮ ಯಜಮಾನರು ಬದುಕಿದ್ದಾಗ ನಮ್ಮ ಮನೆ ಬಾಗಿಲೇ ನನಗೆ ಅರ್ಥ ಆಗ್ತಿರಲಿಲ್ಲ. ಆದ್ರೆ ಹಲ್ಲಿನಕ್ಕ ಮನೆ ತಗೊಂಡ ಕತೆ ಇದೆಯಲ್ಲ, ಅದರಲ್ಲಿ ಉಪ್ಪು ಖಾರ ಮಾತ್ರ ನಂದು, ಮಿಕ್ಕಿದ್ದೆಲ್ಲ ಅವಳದೇ.

ಹಲ್ಲಿನಕ್ಕ ಅಂದ್ರೆ ಹಲ್ಲು ಕೀಳೋ ಡಾಕ್ಟರಲ್ಲ. ಡಾಕ್ಟರು ಎಲ್ಲಾ ಕಿತ್ತು ಬಾಯಿ ಬಟ್ಟಬಯಲು ಮಾಡಿ ಕಳಿಸ್ತಾರಲ್ಲ, ಆ ಬಾಯಿಗೆ ಹಲ್ಲಿನ ಸೆಟ್ಟು ಮಾಡಿಕೊಡೋಳು. ಊರ ಮಧ್ಯದ ಲ್ಯಾಬೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಈ ಊರಲ್ಲಿ ಮುದುಕರು ಬಾಯಿ ತುಂಬಾ ನಗ್ತಿದಾರೆ ಅಂದ್ರೆ ಮೂರರಲ್ಲಿ ಎರಡು ನಗು ಅವಳ ಕೈಯಲ್ಲಿ ಬೆಂದು ಬಂದಿದ್ದು. ವಯಸ್ಸು ನಲವತ್ತಮೂರು. ಮದುವೆ ಆಗಿಲ್ಲ, ಆಗಲಿಲ್ಲ ಅಂತ ಕೊರಗಿದ್ದೂ ಇಲ್ಲ. ತಲೆಗೂದಲಲ್ಲಿ ಸದಾ ಪ್ಲಾಸ್ಟರಿನ ಬಿಳಿ ಪುಡಿ. ಬಸ್ಸಲ್ಲಿ ಅಜ್ಜಿ ಅಂದ್ಕೊಂಡು ಸೀಟು ಬಿಟ್ಟುಕೊಡ್ತಿದ್ರು. ಅವಳು ಒಂದು ಸಲನೂ ಬೇಡ ಅಂದಿಲ್ಲ, ಸೊಂಟ ಹಿಡ್ಕೊಂಡು ಕೂತ್ಕೋತಿದ್ದಳು.

ವಾಸ ಅಣ್ಣನ ಮನೇಲಿ. ಮೂರನೇ ಮಹಡಿ, ಕೆಳಗೆ ಕಬ್ಬಿಣದ ಶೀಟು ಕೊಯ್ಯೋ ಅಂಗಡಿ. ಅಡುಗೆಮನೆಗೂ ಹಾಲಿಗೂ ಮಧ್ಯೆ ಒಂದು ಓಣಿ ಇತ್ತು, ಅದೇ ಅವಳ ಕೋಣೆ. ಒಂದು ಕಡೆ ಅವಳ ಮಂಚ, ಇನ್ನೊಂದು ಕಡೆ ಮನೆಯೋರೆಲ್ಲರ ಫ್ರಿಜ್ಜು. ಬಾಗಿಲು ಇಲ್ಲ, ಒಂದು ಪರದೆ. ಯಾರಿಗೆ ತಣ್ಣೀರು ಬೇಕೋ ಅವರು ಪರದೆ ಸರಿಸಿ, ಅವಳ ಮಂಚದ ಮೇಲೆ ಮೊಣಕಾಲು ಊರಿ, ಫ್ರಿಜ್ಜು ತೆಗೀಬೇಕು. ಅವಳು ಮಲಗಿದ್ರೂ ಅಷ್ಟೇ, ಬಟ್ಟೆ ಬದಲಾಯಿಸ್ತಿದ್ರೂ ಅಷ್ಟೇ. ಹತ್ತೊಂಬತ್ತು ವರ್ಷ ಆ ಫ್ರಿಜ್ಜಿನ ದೀಪ ಮುಖಕ್ಕೆ ಹೊಡೆದು ಅವಳ ಬಲಗೆನ್ನೆ ಎಡಗೆನ್ನೆಗಿಂತ ಬೆಳ್ಳಗಾಗಿತ್ತು ಅಂತೀನಿ ನಾನು.

ಅವಳಿಗೆ ಬೇಕಾಗಿದ್ದು ಅರಮನೆ ಅಲ್ಲ. ಒಂದು ಬಾಗಿಲು. ಒಳಗಿಂದ ತಾನೇ ಹಾಕ್ಕೊಳ್ಳೋ ಚಿಲಕ. ಕಿಟಕಿ ತೆಗೆದ್ರೆ ಕಬ್ಬಿಣದ ಕೂಗಾಟ ಬರದೆ ಒಂದು ಮರ ಕಾಣೋ ಬೀದಿ. ಲ್ಯಾಬಿಗೆ ಬಸ್ಸಲ್ಲಿ ಮುಕ್ಕಾಲು ಗಂಟೆ ಆದರೂ ಆಗಲಿ, ಊರು ಬೆನ್ನ ಹಿಂದೆ ಇರಬೇಕು, ನೆತ್ತಿ ಮೇಲಲ್ಲ. ಹಾಗಂತ, ಹತ್ತೊಂಬತ್ತು ವರ್ಷ ಕೂಡಿಟ್ಟ ದುಡ್ಡಿನ ಲೆಕ್ಕನೂ ಸೇರಿಸಿ, ಒಂದು ದಿನ ಊಟಕ್ಕೆ ಕೂತಾಗ ಬಾಯಿ ಬಿಟ್ಟು ಹೇಳಿದಳು.

"ಒಬ್ಬಳಿಗೆ ಮನೆ ಯಾಕೆ?" ಅಂದ್ಲು ಅತ್ತಿಗೆ, ತಟ್ಟೆಯಿಂದ ತಲೆ ಎತ್ತದೆ.

"ಇರೋಕೆ."

"ಇಷ್ಟು ದಿನ ಇಲ್ಲಿ ನೇತಾಡ್ತಿದ್ಯಾ?"

"ಇಲ್ಲಿ ಮಲಗಿದ್ದೆ ಅತ್ತಿಗೆ. ನಿಮ್ಮ ಮೊಣಕಾಲ ಕೆಳಗೆ."

ಅಣ್ಣ ಗಂಟಲು ಸರಿ ಮಾಡ್ಕೊಂಡ. "ದೂರ ಹೋಗಿ ಕೂತ್ರೆ ಕಾಯಿಲೆ ಬಿದ್ದಾಗ ಯಾರು ನೋಡ್ತಾರೆ?"

"ಹೋದ ಸಲ ಜ್ವರ ಬಂದಾಗ ಯಾರು ನೋಡಿದ್ದು ಅಣ್ಣ?"

ಅಣ್ಣ ನೀರು ಕುಡಿದ. ಅತ್ತಿಗೆ ಮಾತ್ರ ಸುಮ್ಮನಿರೋ ಪೈಕಿ ಅಲ್ಲ. "ಹೋಗಲಿ ಬಿಡಿ. ನಾಲ್ಕು ತಿಂಗಳಲ್ಲಿ ಸೂಟ್‌ಕೇಸ್ ಹಿಡ್ಕೊಂಡು ವಾಪಸ್ ಬರ್ತಾಳೆ. ಅಷ್ಟರೊಳಗೆ ನಾನು ಆ ಓಣೀಲಿ ವಾಷಿಂಗ್ ಮಷೀನ್ ಇಡಿಸಿರ್ತೀನಿ, ಅದರ ಮೇಲೆ ಮಲಗ್ಲಿ."

ಅವತ್ತೇ ಅಳತೆ ತಗೊಂಡೋಗೋಕೆ ಅಂಗಡಿಯೋನಿಗೆ ಫೋನೂ ಹೋಯ್ತು. ಅಂದ್ರೆ ಹಿಂದಿನ ದಾರಿ ಮುಚ್ಚಿತು ಅಂತ ತಿಳ್ಕೊ. ಮುಂದೆ ಬಾಗಿಲು ಸಿಕ್ಕಿದ್ರೆ ಸಿಕ್ತು, ಇಲ್ಲಾಂದ್ರೆ ಹಲ್ಲಿನಕ್ಕನಿಗೆ ಮಲಗೋಕೆ ಮೂರಡಿ ಜಾಗನೂ ಇಲ್ಲ.

ಮನೆ ತೋರಿಸೋಕೆ ಒಬ್ಬ ದಲ್ಲಾಳಿ ಸಿಕ್ಕಿದ. ಒಣಕಲು ಆಸಾಮಿ, ಬಾಯಿ ಮಾತ್ರ ಎರಡಾಳಿಂದು. ಎಲ್ಲಿಗೆ ಕರ್ಕೊಂಡೋದ್ರೂ ಒಂದೇ ಪಲ್ಲವಿ, "ಅಕ್ಕಾ, ಊರೂ ಹತ್ತಿರ, ಊರಿನ ಗಲಾಟೆನೂ ಇಲ್ಲ." ನೂರು ಮನೆ ತೋರಿಸಿದ. ಒಂದು ಬಡಾವಣೇಲಿ ಮನೆಗಳೆಲ್ಲ ಒಂದೇ ಅಚ್ಚು, ಇವನೇ ಗುರುತು ಸಿಗದೆ ಬೇರೆ ಮನೆಗೆ ನುಗ್ಗಿ ಬಚ್ಚಲ ಬಾಗಿಲು ತೆಗೆದು ತೋರಿಸಿದ, ಒಳಗೊಬ್ಬರು ಸೋಪು ಹಚ್ಕೊಂಡು ನಿಂತಿದ್ರು. ಮನೆ ಯಾವುದಾದ್ರೂ ಮಾರೋರು ಕೇಳೋ ಪ್ರಶ್ನೆ ಒಂದೇ. "ಯಜಮಾನರು ನೋಡೋಕೆ ಬರಲ್ವಾ?" ಇಲ್ಲ ಅಂದ್ರೆ, "ಮಕ್ಕಳೆಷ್ಟು?" ಅದೂ ಇಲ್ಲ ಅಂದ್ರೆ ಮುಖ ನೋಡೋ ರೀತಿನೇ ಬೇರೆ, ಮನೆ ಕದಿಯೋಕೆ ಬಂದೋಳನ್ನ ನೋಡಿದ ಹಾಗೆ. ಒಬ್ಬ ಅಂತೂ "ಅಣ್ಣನ ಸಹಿ ತಗೊಂಬನ್ನಿ, ಆಮೇಲೆ ಕೀ ಕೊಡ್ತೀನಿ ನೋಡೋಕೆ" ಅಂದ. ನೋಡೋಕಂತೆ, ಕೊಳ್ಳೋಕೂ ಅಲ್ಲ.

ಕೊನೆಗೆ ಆ ಬೀದಿ ಸಿಕ್ಕಿತು. ದೊಡ್ಡ ರಸ್ತೆಯಿಂದ ಒಳಗೆ, ಹನ್ನೆರಡು ಮನೆ, ಮುಂದೆ ದಾರಿ ಇಲ್ಲ. ಎರಡೂ ಕಡೆ ಮರ. ಬೆಳಿಗ್ಗೆ ಹನ್ನೊಂದಕ್ಕೆ ಹೋದಾಗ ಎಲೆ ಬಿದ್ದ ಸದ್ದೂ ಕೇಳ್ತಿತ್ತು. ಕೊನೆಯ ಮನೆ ಮಾರಾಟಕ್ಕಿತ್ತು. ಎರಡು ಕೋಣೆ, ತೇಗದ ಬಾಗಿಲು, ಮಂಚದಷ್ಟು ದಪ್ಪ. ಮನೆ ಮುಂದೆ ಒಂದು ಖಾಲಿ ಪಟ್ಟಿ ಜಾಗ, ಅದರ ಸುತ್ತ ಗೂಟ ನೆಟ್ಟು ಸರಪಳಿ ಕಟ್ಟಿ ಬೀಗ ಜಡಿದಿತ್ತು. ಸರಪಳಿ ಅಂದ್ರೆ ಆನೆ ಕಟ್ಟೋ ಅಂಥದ್ದು.

"ಇದೇನಿದು?" ಅಂದಳು.

"ಅದು ಬಿಡಿ ಅಕ್ಕಾ, ಮನೆಯೋರು ಸ್ವಲ್ಪ ಒಂಥರಾ," ಅಂದ ದಲ್ಲಾಳಿ. "ರೈಲಲ್ಲಿ ಟಿಕೆಟ್ ನೋಡೋ ಕೆಲಸದಲ್ಲಿದ್ರು, ಟಿಸಿ ತಾತ ಅಂತಾರೆ. ಹನ್ನೊಂದು ಜನ ಗಿರಾಕಿಗಳನ್ನ ಓಡಿಸಿದಾರೆ. ಹೋದ ತಿಂಗಳು ಒಂದು ಜೋಡಿ ಡಾಕ್ಟರು ಬಂದ್ರು, ಬಂಗಾರದಂಥ ಜನ. 'ಇವರು ನಗುನಗ್ತಾ ಮಾತಾಡ್ತಾರೆ, ಬೇಡ' ಅಂದುಬಿಟ್ರು."

ಹಲ್ಲಿನಕ್ಕ ಆ ಮಾತು ಕಿವಿಗೆ ಹಾಕ್ಕೊಳ್ಳಲಿಲ್ಲ. ಅವಳ ಕಣ್ಣು ಬಾಗಿಲಿನ ಮೇಲೇ ಇತ್ತು. ಆದ್ರೂ ತಕ್ಷಣ ಹೂಂ ಅನ್ನಲಿಲ್ಲ. ಲ್ಯಾಬಿನ ಬುದ್ಧಿ ನೋಡು. ಹಲ್ಲಿನ ಸೆಟ್ಟನ್ನ ಮೊದಲು ಮೇಣದಲ್ಲಿ ಕೂರಿಸಿ, ಆ ಬಾಯಿಗೆ ಇಟ್ಟು, ಕಚ್ಚಿಸಿ, ಮಾತಾಡಿಸಿ ನೋಡ್ತಾರೆ. ಎಲ್ಲಾ ಸರಿ ಅನಿಸಿದ ಮೇಲೇ ಬಿಸಿನೀರಲ್ಲಿ ಬೇಯಿಸಿ ಗಟ್ಟಿ ಮಾಡೋದು. ಬೇಯಿಸಿದ ಮೇಲೆ ಅದು ಅದೇ. "ಕಚ್ಚಿಸಿ ನೋಡದೆ ನಾನು ಬೇಯಿಸಲ್ಲ," ಅಂದಳು. ದಲ್ಲಾಳಿಗೆ ತಲೆಬುಡ ಅರ್ಥ ಆಗಲಿಲ್ಲ.

ಲ್ಯಾಬಿಗೆ ಐದು ದಿನ ರಜೆ ಹಾಕಿದಳು. ಬೆಳಿಗ್ಗೆ ಏಳಕ್ಕೆ ಒಂದು ದಿನ, ಮಧ್ಯಾಹ್ನ ಒಂದು ದಿನ, ಮಕ್ಕಳು ಸ್ಕೂಲಿಂದ ಬರೋ ಹೊತ್ತಿಗೆ ಒಂದು ದಿನ, ಹೀಗೆ. ಮೋರಿ ಕಟ್ಟೆ ಮೇಲೆ ಕೂತು ಲ್ಯಾಬಿನ ಹಸಿರು ಪುಸ್ತಕದಲ್ಲಿ ಎಲ್ಲಾ ಬರೆದಳು. ನಾಯಿ ಎಷ್ಟು, ನೀರಿನ ಮೋಟರು ಯಾವಾಗ, ಯಾರ ಮನೆ ಮಿಕ್ಸಿ ಜೋರು. ಮೊದಲನೇ ದಿನವೇ ಟೇಪು ಹಿಡಿದು ಬೀದಿ ಅಗಲನೂ ಅಳೆದಳು, ತನ್ನ ಕಬ್ಬಿಣದ ಬೀರು ಹೊತ್ತ ಟೆಂಪೊ ತಿರುಗುತ್ತೋ ಇಲ್ವೋ ಅಂತ.

ಟೇಪು ಬಿಚ್ಚಿದ್ದೇ ತಡ, ಕಿಟಕಿಗಳೆಲ್ಲ ಕಣ್ಣು ಬಿಟ್ಟವು. ಯಾಕೆ ಅಂತೀಯಾ? ಆ ಬೀದೀಲಿ ಬೀದಿ ತಿನ್ನದ ಮನೆನೇ ಇರಲಿಲ್ಲ. ಒಬ್ಬರ ಗೇಟು ಎರಡಡಿ ಮುಂದೆ, ಒಬ್ಬರ ಮೆಟ್ಟಿಲು ಮೋರಿ ದಾಟಿ, ಒಬ್ಬರು ಸರ್ಕಾರದ ಜಾಗದಲ್ಲಿ ಕಾರಿಗೆ ತಗಡಿನ ಚಪ್ಪರ ಹಾಕಿ ಅದರ ಪಕ್ಕ ಹೂಗಿಡನೂ ಬೆಳೆಸಿದ್ರು. ಕೈಯಲ್ಲಿ ಟೇಪು, ಪುಸ್ತಕ, ಬಿಳಿ ಪುಡಿ ಹತ್ತಿದ ತಲೆ. ಇವಳು ಒಡೆಸೋಕೆ ಬಂದ ಆಫೀಸಿನೋಳು ಅಂತ ಹನ್ನೊಂದು ಮನೆಗೂ ಖಾತ್ರಿ ಆಯ್ತು.

ಆಮೇಲೆ ನೋಡು ಉಪಚಾರ. ಒಬ್ಬರು ಕುರ್ಚಿ ತಂದ್ರು, ಇನ್ನೊಬ್ಬರು ಅದಕ್ಕಿಂತ ಮೆತ್ತನೆ ಕುರ್ಚಿ ತಂದ್ರು. ಟೀ ಮೇಲೆ ಟೀ. ಬೀದಿಯ ಸಂಘಕ್ಕೆ ಒಬ್ಬಳು ಸೆಕ್ರೆಟರಿ ಇದ್ದಳು, ಸಿಮೆಂಟು ವ್ಯಾಪಾರಿಯ ಹೆಂಡತಿ, ಬೀದಿಯೋರೆಲ್ಲ ಸೆಕ್ರೆಟರಮ್ಮ ಅಂತಿದ್ರು. ಅವಳು ತಾನೇ ಕೊಡೆ ಹಿಡ್ಕೊಂಡು ಇವಳ ತಲೆ ಮೇಲೆ ನೆರಳು ಮಾಡಿ ನಿಂತಳು.

"ನಮ್ಮದು ಒಂದೇ ಒಂದು ಮೆಟ್ಟಿಲು ಮೇಡಂ ಮುಂದೆ ಬಂದಿರೋದು. ನೀವು ಪಕ್ಕದ ಮನೆ ಗೇಟು ನೋಡಿ."

"ಮೆಟ್ಟಿಲು ಚೆನ್ನಾಗಿದೆ," ಅಂದಳು ಹಲ್ಲಿನಕ್ಕ, ಮನಸ್ಸಾರೆ. ಸೆಕ್ರೆಟರಮ್ಮ ಕೂಗಿ ಇನ್ನೊಂದು ಟೀ ತರಿಸಿದಳು.

ಪಕ್ಕದ ಮನೆಯೋನು ಬಂದು ಎದುರು ಮನೆ ಚಪ್ಪರ ತೋರಿಸಿದ, ಎದುರು ಮನೆಯೋನು ಮೂರನೇ ಮನೆ ಸಂಪು ತೋರಿಸಿದ. ಒಬ್ಬರ ಮೇಲೊಬ್ಬರು ಚಾಡಿ ಹೇಳಿದ್ದೇ ಹೇಳಿದ್ದು. ಹಲ್ಲಿನಕ್ಕ ಪಾಪ, ಹೊಸಬರಿಗೆ ಬೀದಿ ಪರಿಚಯ ಮಾಡಿಸ್ತಿದಾರೆ ಅಂದ್ಕೊಂಡಳು. ಮರ್ಯಾದೆಗೆ ಅದನ್ನೂ ಬರ್ಕೊಂಡಳು. ಜನ್ಮದಲ್ಲಿ ಯಾರೂ ಅವಳಿಗೆ ಕೊಡೆ ಹಿಡಿದಿರಲಿಲ್ಲ ಕಣೋ. ಐದನೇ ದಿನ ಸಂಜೆ ಬಸ್ಸಲ್ಲಿ ವಾಪಸ್ ಹೋಗ್ತಾ ಕಣ್ಣು ಒರೆಸ್ಕೊಂಡಳು, ಎಂಥಾ ಜನ, ಎಂಥಾ ಬೀದಿ ಅಂತ. ಮೇಣ ಸರಿಯಾಗಿ ಕೂತಿದೆ, ಇನ್ನು ಬೇಯಿಸಬಹುದು ಅಂತ ನಿಶ್ಚಯ ಮಾಡ್ಕೊಂಡಳು. ಹತ್ತೊಂಬತ್ತು ವರ್ಷದ ಅನುಭವ, ಒಂದು ಸಲನೂ ಕಚ್ಚು ತಪ್ಪದೋಳು, ತನ್ನ ಬಾಯಿ ವಿಷಯಕ್ಕೆ ಬಂದಾಗ ಮಕಾಡೆ ಬಿದ್ದಳು.

ಮಾರನೇ ದಿನ ದಲ್ಲಾಳಿನ ಕರ್ಕೊಂಡು, ಒಳ್ಳೇ ಬಟ್ಟೆ ಹಾಕ್ಕೊಂಡು ಬಂದಳು. ಸೆಕ್ರೆಟರಮ್ಮ ದಾರೀಲೇ ಹಿಡಿದಳು. ಹಿಂದೆ ನಾಲ್ಕೈದು ಮನೆಯೋರು.

"ಮೇಡಂ, ನಿಮ್ಮ ಆಫೀಸಿಂದ ನೋಟಿಸು ಯಾವತ್ತು ಬರುತ್ತೆ ಅಂತ ಒಂದು ಮಾತು ಹೇಳಿಬಿಡಿ. ನಾವು ಮಾತಾಡಿ ಸರಿ ಮಾಡ್ಕೊಳ್ಳೋಣ."

"ನೋಟಿಸಾ? ಯಾವ ನೋಟಿಸು? ನಾನು ಹಲ್ಲಿನ ಲ್ಯಾಬಲ್ಲಿ ಕೆಲಸ ಮಾಡೋದು. ಕೊನೆ ಮನೆ ತಗೊಳ್ಳೋಣ ಅಂತ ಐದು ದಿನದಿಂದ ಬೀದಿ ನೋಡ್ತಿದ್ದೆ."

ಅಂಗಡಿ ಶಟರ್ ಎಳೆದ ಹಾಗೆ ಎಲ್ಲಾ ಮುಖನೂ ಒಟ್ಟಿಗೆ ಕೆಳಗಿಳಿದವು.

"ನೀವು ಯಾರ್ಯಾರು?" ಅಂದಳು ಸೆಕ್ರೆಟರಮ್ಮ. ಮೇಡಂ ಅನ್ನೋದು ಅಲ್ಲೇ ಸತ್ತು ಬಿದ್ದಿತ್ತು.

"ನಾನೊಬ್ಬಳೇ."

"ಒಬ್ಬಳೇನಾ? ಗಂಡ ಬಿಟ್ಟಿದಾನಾ, ಸತ್ತಿದಾನಾ?"

"ಆಗೇ ಇಲ್ಲ."

"ಐದು ದಿನ ನಮ್ಮ ಮನೆ ಟೀ ಕುಡಿದು ಈಗ ಹೇಳ್ತಿದೀಯಾ? ಇಲ್ಲಿ ಸಂಸಾರಸ್ಥರು ಇರೋದು. ಒಂಟಿ ಹೆಂಗಸು ಬಂದ್ರೆ ನಾಳೆ ಯಾರು ಬರ್ತಾರೆ, ಯಾರು ಹೋಗ್ತಾರೆ, ನಾವು ಬಾಗಿಲು ಕಾಯಬೇಕಾ?"

"ನಿಮ್ಮನ್ನ ಯಾರು ಕಾಯೋಕೆ ಹೇಳಿದ್ರು?"

"ನೋಡಿದ್ರಾ ನಾಲಿಗೆ." ಸೆಕ್ರೆಟರಮ್ಮ ಹಿಂದಿನೋರ ಕಡೆ ತಿರುಗಿದಳು. "ಆ ಪುಸ್ತಕ ಕೊಡು ಇಲ್ಲಿ. ನಮ್ಮನೆ ವಿಷಯ ಎಲ್ಲಾ ಬರ್ಕೊಂಡಿದೀಯ."

ಕೈ ಹಾಕಿದಳು ಬ್ಯಾಗಿಗೆ. ಹಲ್ಲಿನಕ್ಕ ಬ್ಯಾಗನ್ನ ಎದೆಗೆ ಅವಚ್ಕೊಂಡಳು. ಅವಳಿಗೆ ಆಗ ತಲೆಗೆ ಹೊಳೀತು, ಆ ಕೊಡೆ, ಆ ಕುರ್ಚಿ, ಆ ಟೀ ಎಲ್ಲಾ ಯಾರಿಗೆ ಹಿಡಿದಿದ್ದು ಅಂತ. ಮುಖಕ್ಕೆ ಬಿಸಿನೀರು ಎರಚಿದ ಹಾಗಾಯ್ತು. ವಾಪಸ್ ಹೋಗೋಣ ಅಂತ ಎರಡು ಹೆಜ್ಜೆ ಇಟ್ಟಳು. ಹೋಗೋದೆಲ್ಲಿಗೆ, ಓಣಿಗೆ ಮಷೀನು ಬಂದಾಗಿತ್ತು, ಅವಳ ಹಾಸಿಗೆ ಹಾಲಿನ ನೆಲಕ್ಕೆ ಇಳಿದಿತ್ತು.

ಅಷ್ಟರಲ್ಲಿ ಕೊನೆ ಮನೆ ಮಹಡಿ ಮೇಲಿಂದ ಚಪ್ಪಾಳೆ. ಒಂದು ಮುದಿ ತಲೆ ಕಟಕಟೆ ಮೇಲೆ ಬಗ್ಗಿತ್ತು. "ಏ, ಆಯಮ್ಮನ್ನ ಬಿಡ್ರೋ. ಒಳಗೆ ಬಾರಮ್ಮ ನೀನು. ನಾನು ಹುಡುಕ್ತಿದ್ದ ಗಿರಾಕಿ ನೀನೇ."

ಟಿಸಿ ತಾತನ ಹಾಲಲ್ಲಿ ಎರಡು ಕುರ್ಚಿ, ಎರಡೂ ಕಿಟಕಿ ಕಡೆಗೆ. ಟಿವಿ ನೋಡೋ ಹಾಗೆ ಬೀದಿ ನೋಡ್ತಾ ಕೂರೋದು. ಮೂಗಿನ ತುದೀಲಿ ಕನ್ನಡಕ, ಎದುರಿಗಿದ್ದೋರೆಲ್ಲ ಟಿಕೆಟ್ ಇಲ್ಲದೆ ಹತ್ತಿದೋರು ಅನ್ನೋ ನೋಟ.

"ಜಗಳ ಬರುತ್ತಾ?" ಅಂದ್ರು.

"ಇಲ್ಲ."

"ಈಗ ಕೆಳಗೆ ಆಡ್ತಿದ್ದದ್ದು ಏನು?"

"ಅವರು ಆಡಿದ್ದು. ನಾನು ನಿಂತಿದ್ದೆ."

"ನಿಲ್ಲೋದು ಬಂದ್ರೆ ಸಾಕು, ಮಿಕ್ಕಿದ್ದು ಈ ಮನೆನೇ ಕಲಿಸುತ್ತೆ." ಕಿಟಕಿಯಿಂದ ಸರಪಳಿ ತೋರಿಸಿದ್ರು. "ಆ ಪಟ್ಟಿ ನಂದು, ಪತ್ರದಲ್ಲಿದೆ. ಬೀದಿ ಮುಂದೆ ಹೋಗಲ್ಲ ನೋಡು, ಕಾರು ತಿರುಗಿಸೋಕೆ ಇವರಿಗೆಲ್ಲ ಇದೊಂದೇ ಜಾಗ. ಹದಿನಾರು ವರ್ಷದ ಹಿಂದೆ ಆ ಸಿಮೆಂಟಿನೋಳು ಕಾರು ಹಿಂದಕ್ಕೆ ತಗೊಂಡು ನಮ್ಮ ಮನೆಯೋಳ ಹೂಕುಂಡ ಆರನ್ನ ಪುಡಿ ಮಾಡಿದ್ಲು. ಇಳಿದು ಬಂದು ಕಾರಿಗೆ ಗೀರು ಬಿದ್ದಿದೆಯಾ ಅಂತ ನೋಡಿ ಹೋದ್ಲು. ಕುಂಡದ ಕಡೆ ತಿರುಗಲೂ ಇಲ್ಲ. ಮಾರನೇ ದಿನ ಸರಪಳಿ ಕಟ್ಟಿದೆ. ಅವತ್ತಿಂದ ಹನ್ನೊಂದು ಮನೆ ಕಾರೂ ದೊಡ್ಡ ರಸ್ತೆವರೆಗೆ ಹಿಂದೆಹಿಂದೆ ಹೋಗಬೇಕು. ಕತ್ತು ತಿರುಗಿಸಿ ತಿರುಗಿಸಿ ಸಿಮೆಂಟಿನೋಳ ಕತ್ತು ಓರೆ ಆಗಿದೆ, ನೋಡಿದೆಯಾ?"

ನೋಡಿದ್ದಳು. ಕೊಡೆ ಹಿಡಿದಾಗಲೂ ಓರೆಯಾಗೇ ಹಿಡಿದಿದ್ದಳು.

"ಈಗ ಮಗಳ ಮನೆಗೆ ಹೋಗಬೇಕು, ಮೊಣಕಾಲು ಕೇಳ್ತಿಲ್ಲ. ಮನೆಗೆ ನನಗಿಂತ ಕೆಟ್ಟೋರು ಬರಬೇಕು ಅಂತ ಕಾಯ್ತಿದ್ದೆ. ಇವರಿಗೆ ನಿನ್ನ ಮುಖ ಕಂಡ್ರೇ ಉರಿಯುತ್ತೆ. ಒಂಟಿ, ಮೇಲೆ ಪುಸ್ತಕ ಬೇರೆ. ಸರಪಳಿ ತೆಗೆಯಲ್ಲ ಅಂತ ಬರೆದುಕೊಡು, ದಿನಾ ಬೆಳಿಗ್ಗೆ ಏಳಕ್ಕೆ ಬೀಗ ಹಾಕಿದೆ ಅಂತ ನನಗೊಂದು ಫೋನ್ ಮಾಡು. ಮನೆ ನಿಂದು."

"ತಾತ, ನನಗೆ ಜಗಳ ಬೇಡ, ಬಾಗಿಲು ಬೇಕು."

"ಜಗಳದ ಜೊತೆಗೆ ಬಾಗಿಲು ಬರುತ್ತೆ. ಬಿಡಿಯಾಗಿ ಮಾರಲ್ಲ."

ಯೋಚನೆ ಮಾಡ್ತೀನಿ ಅಂತ ಬಂದಳು. ಎರಡು ದಿನ ಆಗಿಲ್ಲ, ಸೆಕ್ರೆಟರಮ್ಮ ಲ್ಯಾಬಿಗೇ ಬಂದಳು. ದಲ್ಲಾಳಿ ಬಾಯಿ ಇದೆಯಲ್ಲ, ಎರಡಾಳಿಂದು ಅಂತ ಹೇಳಿದ್ನಲ್ಲ. ಮೇಜಿನ ತುಂಬಾ ಪ್ಲಾಸ್ಟರಿನ ದವಡೆಗಳು ಬಾಯಿ ತೆಗೆದು ಕೂತಿದ್ವು, ಹಲ್ಲಿನಕ್ಕ ಮೋಟರಿಗೆ ಹಿಡಿದು ಒಂದು ಸೆಟ್ಟು ತೀಡ್ತಿದ್ದಳು. ಸೆಕ್ರೆಟರಮ್ಮ ಸೆರಗು ಮೂಗಿಗೆ ಹಿಡ್ಕೊಂಡು ನಿಂತಳು.

"ಮುದುಕನ ಮಾತು ಕೇಳಿ ಸರಪಳಿ ಕಟ್ಕೊಂಡು ಕೂತ್ರೆ ಏನಾಗುತ್ತೆ ಗೊತ್ತಾ? ನೀರಿನ ಕಾಗದ ನಿನ್ನ ಹೆಸರಿಗೆ ಆಗೋಕೆ ಸಂಘದ ಸಹಿ ಬೇಕು. ನಾನು ಹಾಕಲ್ಲ. ಬೀದೀಲಿ ಒಂದು ಪಿಳ್ಳೆನೂ ನಿನ್ನ ಮಾತಾಡ್ಸಲ್ಲ. ಒಳಗೆ ಬಿದ್ದು ಸತ್ರೂ ವಾಸನೆ ಬಂದ ಮೇಲೇ ಗೊತ್ತಾಗೋದು."

ಹಲ್ಲಿನಕ್ಕ ಮೋಟರ್ ನಿಲ್ಲಿಸಲಿಲ್ಲ. "ತೆಗೆದ್ರೆ?"

"ತೆಗೆದು, ಆ ಜಾಗ ಬೀದಿಗೆ ಸೇರಿದ್ದು ಅಂತ ಬರೆದುಕೊಡು. ಆ ಪುಸ್ತಕನೂ ಕೊಡು. ಆಗ ನೋಡೋಣ. ನಾವೇನು ಮನುಷ್ಯರಲ್ವಾ, ಒಂಟಿ ಅಂತ ಸ್ವಲ್ಪ ಕರುಣೆ ತೋರಿಸ್ತೀವಿ."

ಆ ಕರುಣೆ ಅನ್ನೋ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟ್ತು. ಅದು ಅತ್ತಿಗೆ ಮನೇಲಿ ದಿನಾ ಉಂಡಿದ್ದು. ಹಲ್ಲಿನಕ್ಕ ಮೋಟರ್ ಆರಿಸಿ, ಕನ್ನಡಕ ಮೇಲಕ್ಕೆತ್ತಿ, ಸೆಕ್ರೆಟರಮ್ಮನ ಬಾಯಿನೇ ದಿಟ್ಟಿಸಿದಳು.

"ಮುಂದಿನ ಎರಡು ಹಲ್ಲು ಎಲ್ಲಿ ಮಾಡಿಸಿದ್ದು?"

ಸೆಕ್ರೆಟರಮ್ಮನ ಕೈ ಸೆರಗಿನ ಸಮೇತ ಬಾಯಿಗೆ ಹೋಯ್ತು.

"ಕೆಟ್ಟ ಕೆಲಸ. ಬಣ್ಣ ಹೊಂದಿಲ್ಲ, ಗಟ್ಟಿ ಕಚ್ಚಿದ್ರೆ ಬೀಳುತ್ತೆ. ಹೊರಗೆ ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಿ."

ಅವಳು ಹೋದ ಮೇಲೆ ಕೈ ತಪ್ಪಿ ತೀಡ್ತಿದ್ದ ಸೆಟ್ಟಿನ ಅಂಚು ಒಡೀತು ಅಂತ ಇಟ್ಕೊ. ಜಗಳ ಅಭ್ಯಾಸ ಇಲ್ಲದೋರಿಗೆ ಹಾಗೇ ಆಗೋದು. ಆದ್ರೆ ಅವತ್ತು ಮಧ್ಯಾಹ್ನ ಊಟ ಬಿಟ್ಟು ಸೀದಾ ನೀರಿನ ಆಫೀಸಿಗೆ ಹೋದಳು. ಸಾಲಲ್ಲಿ ನಿಂತು ಕೇಳಿದಳು. ಕಿಟಕಿ ಹಿಂದಿನ ಗುಮಾಸ್ತ ತಲೆನೂ ಎತ್ತದೆ, "ಸಂಘದ ಸಹಿಯಾ? ಅದನ್ನ ಯಾರು ನಿಮಗೆ ಹೇಳಿದ್ದು?" ಅಂದ.

ರಿಜಿಸ್ಟ್ರಿ ದಿನ ಬಂತು. ಟಿಸಿ ತಾತ ಇಸ್ತ್ರಿ ಅಂಗಿ ಹಾಕ್ಕೊಂಡು, ಜೇಬಲ್ಲಿ ಸರಪಳಿ ಬೀಗದ ಕೈ, ಕೈಯಲ್ಲಿ ಟೈಪ್ ಮಾಡಿಸಿದ ಕರಾರು ಹಿಡ್ಕೊಂಡು ಬಂದಿದ್ರು. ಸೆಕ್ರೆಟರಮ್ಮನೂ ಹಾಜರು, ಕೈಯಲ್ಲಿ ಇನ್ನೊಂದು ಕಾಗದ. ಇಬ್ಬರೂ ಒಂದೇ ಬೆಂಚಿನ ಎರಡು ತುದೀಲಿ, ಹದಿನಾರು ವರ್ಷ ಮಾತಾಡದ ಮುಖ ಹೊತ್ಕೊಂಡು ಕೂತಿದ್ರು. ಮಧ್ಯದ ಜಾಗ ಹಲ್ಲಿನಕ್ಕನಿಗೆ.

"ಮೊದಲು ಇದಕ್ಕೆ ಸಹಿ ಹಾಕು, ಆಮೇಲೆ ಅದಕ್ಕೆ," ಅಂದ್ರು ತಾತ.

ಹಲ್ಲಿನಕ್ಕ ಕರಾರನ್ನ ಓದಿದಳು, ಎರಡು ಸಲ. ಮಡಿಚಿ ಅವರ ಮಡಿಲಲ್ಲಿಟ್ಟಳು. "ಹಾಕಲ್ಲ ತಾತ. ಸರಪಳಿ ಕಟ್ಟೋದೂ ಬಿಚ್ಚೋದೂ ಮನೆಯೋರ ಇಷ್ಟ. ನಾಳೆಯಿಂದ ಮನೆಯೋಳು ನಾನು. ಹಾಗೇ ಮಾರ್ತೀರಾ, ಮಾರಿ. ಇಲ್ಲ ಅಂದ್ರೆ ಸರಪಳಿ ಕಾಯ್ಕೊಂಡು ನೀವೇ ಇರಿ, ಮಗಳು ಬಂದು ಇಲ್ಲೇ ನೋಡ್ಕೊಳ್ಳಲಿ."

ಸೆಕ್ರೆಟರಮ್ಮ ಹಲ್ಲು ಬಿಟ್ಟಳು. "ಸರಿಯಾಗಿ ಹೇಳಿದೆ. ಈಗ ಇದಕ್ಕೆ ಹಾಕು."

"ನಿಮ್ಮದಕ್ಕೂ ಇಲ್ಲ. ನೀರಿನ ಆಫೀಸಿಗೆ ಹೋಗಿ ಕೇಳಿದೆ, ಸಂಘದ ಸಹಿ ಬೇಡವಂತೆ. ಯಾವ ಬೀದಿ ಅಂತ ಕೇಳಿದ್ರು. ಹೇಳಲಿಲ್ಲ, ಇವತ್ತಿನವರೆಗೆ ಹೇಳಿಲ್ಲ. ಮೋರಿ ಮೇಲೆ ಯಾರ್ಯಾರ ಮೆಟ್ಟಿಲಿದೆ ಅಂತ ಅವರೇ ಬಂದು ನೋಡಬೇಕು ಅಂದ್ರೆ ಟೇಪು ನನ್ನತ್ರ ಇದೆ, ಕೊಡ್ತೀನಿ."

ಸೆಕ್ರೆಟರಮ್ಮನ ಓರೆ ಕತ್ತು ನೆಟ್ಟಗಾಯ್ತು ಅಂತೀನಿ ನಾನು, ಹದಿನಾರು ವರ್ಷಕ್ಕೆ ಮೊದಲ ಸಲ.

"ಜಗಳ ಬರಲ್ಲ ಅಂದಿದ್ದೆಯಲ್ಲ," ಅಂದ್ರು ತಾತ. ಮುಖ ಸಿಡುಕು. ಹನ್ನೊಂದು ಜನರನ್ನ ಓಡಿಸಿ ಹುಡುಕಿದ ಗಿರಾಕಿ, ಸಿಕ್ಕ ಮೇಲೆ ಮೊದಲು ಕಚ್ಚಿದ್ದು ಅವರನ್ನೇ. ಹೊರಗೆ ಅವರ ಸಾಮಾನು ತುಂಬಿದ ಲಾರಿ ನಿಂತಿತ್ತು. ಗುಮಾಸ್ತ ಹೆಸರು ಕೂಗಿದ. ತಾತ ಎದ್ದು ಹೋಗಿ, ಕಾಗದ ಹರಿಯೋ ಹಾಗೆ ಒತ್ತಿ ಸಹಿ ಹಾಕಿದ್ರು. ಬೀಗದ ಕೈನ ಅವಳ ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ಎಸೆದ್ರು.

ಅವರನ್ನ ಲಾರಿ ತನಕ ನಡೆಸೋಕೆ ಯಾರೂ ಇರಲಿಲ್ಲ. ಮೊಣಕಾಲು ಬೇರೆ. ಆಗ ಸೆಕ್ರೆಟರಮ್ಮ ಬಂದು ತೋಳು ಕೊಟ್ಟಳು ಕಣೋ. ಇಬ್ಬರೂ ಮೆಟ್ಟಿಲು ಇಳೀತಾ, "ಎಂಥಾ ಸೊಕ್ಕು," "ನಾನು ಮೊದಲೇ ಹೇಳಿದ್ದೆ," ಅಂತ ಇವಳನ್ನ ಬೈಕೊಂಡು ಹೋದ್ರು. ಅಷ್ಟು ವರ್ಷದ ವೈರ ಇವಳನ್ನ ದ್ವೇಷಿಸೋ ಖುಷೀಲಿ ಕರಗಿಹೋಯ್ತು. ಹಲ್ಲಿನಕ್ಕ ರಿಜಿಸ್ಟ್ರಿ ಆಫೀಸಿನ ಮಹಡಿ ಕಿಟಕಿಯಿಂದ ನೋಡಿದಳು. ನೋಡಿ ಏನನಿಸ್ತು ಅಂತ ಕೇಳಿದ್ರೆ, "ಹಸಿವಾಗ್ತಿತ್ತು" ಅಂತಾಳೆ.

ಮನೆಗೆ ಬಂದ ಮೊದಲ ದಿನ ಸರಪಳಿ ಇನ್ನೂ ಕಟ್ಟೇ ಇತ್ತು, ಟೆಂಪೊ ಬೀದೀಲಿ ತಿರುಗಲಿಲ್ಲ. ಬೀರು, ಮಂಚ, ಪಾತ್ರೆ ಎಲ್ಲಾ ದೊಡ್ಡ ರಸ್ತೆಯಿಂದ ಹೊತ್ತು ತಂದದ್ದು. ಹನ್ನೊಂದು ಕಿಟಕಿ ನೋಡ್ತು, ಒಂದು ಕೈ ಮುಂದೆ ಬರಲಿಲ್ಲ. ಅವಳು ಯಾರನ್ನೂ ಕೇಳಲೂ ಇಲ್ಲ. ಸಂಜೆ ಹೊತ್ತಿಗೆ ಸರಪಳಿ ಬೀಗ ತೆಗೆದು, ಅಷ್ಟುದ್ದ ಕಬ್ಬಿಣನ ಎಳ್ಕೊಂಡು ಬಂದು ಹಾಲಿನ ಮೂಲೇಲಿ ಗುಡ್ಡೆ ಹಾಕಿದಳು. ಯಾಕೆ ತೆಗೆದಳು, ಮತ್ತೆ ಕಟ್ಟೋಕೋ, ಮಾರೋಕೋ, ಯಾರಿಗೂ ಹೇಳಲಿಲ್ಲ. ಒಳಗೆ ಬಂದು ಚಿಲಕ ಹಾಕ್ಕೊಂಡಳು. ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಹತ್ತು ಸಲ ಹಾಗೇ ಮಾಡಿದಳಂತೆ. ಇದರಲ್ಲಿ ನನ್ನ ಉಪ್ಪು ಖಾರ ಒಂದು ಚಿಟಿಕೆನೂ ಇಲ್ಲ.

ಬೆಳಿಗ್ಗೆ ಏಳಾಯ್ತು. ಹಲ್ಲಿನಕ್ಕ ನೆಲದ ಮೇಲೆ ಕೂತು ಟೀ ಕುಡೀತಿದ್ದಳು. ಹೊರಗೆ ಸೆಕ್ರೆಟರಮ್ಮನ ಕಾರು ಬಂದು ಪಟ್ಟಿ ಜಾಗದ ಮುಂದೆ ನಿಂತಿತು. ಸರಪಳಿ ಇಲ್ಲ, ಗೂಟ ಮಾತ್ರ, ಜಾಗ ಬಾಯಿ ತೆಗೆದು ಬಿದ್ದಿದೆ, ತಿರುಗಿಸ್ಕೊಂಡು ಹೋದ್ರೆ ಆಯ್ತು. ಅವಳು ತಿರುಗಿಸಲಿಲ್ಲ. ಹಾರನ್ ಹೊಡೆದಳು. ಒಂದು ಸಲ, ಎರಡು ಸಲ, ಆಮೇಲೆ ಕೈ ತೆಗೀದೇ ಹೊಡೆದಳು. ಇವಳು ಹೊರಗೆ ಬಂದು ಹೂಂ ಅನ್ನಬೇಕು, ಇಲ್ಲಾ ಉಹೂಂ ಅನ್ನಬೇಕು, ಎರಡರಲ್ಲಿ ಒಂದು ಬೇಕೇ ಬೇಕು ಅವಳಿಗೆ. ಅದೇ ಹೊತ್ತಿಗೆ ಒಳಗೆ ಫೋನ್ ಬಡ್ಕೊಳ್ತು. ತಾತ. ಬೀಗ ಹಾಕಿದೀಯಾ ಅಂತ ಕೇಳೋಕೆ, ಮತ್ತಿನ್ಯಾಕೆ.

ಮೂಲೇಲಿ ಕಬ್ಬಿಣದ ಗುಡ್ಡೆ, ಪಕ್ಕದಲ್ಲಿ ಫೋನು, ಎದುರಿಗೆ ಮುಚ್ಚಿದ ಬಾಗಿಲು. ಹಲ್ಲಿನಕ್ಕ ಲೋಟ ಕೆಳಗಿಟ್ಟಳು.

ಈಗ ನೀನು ಹೇಳು. ನನ್ನ ಮುಖ ನೋಡಬೇಡ, ನಾನು ಬಾಯಿ ಬಿಡಲ್ಲ. ಸರಪಳಿ ಎತ್ಕೊಂಡಳಾ, ಫೋನ್ ಎತ್ಕೊಂಡಳಾ, ಇಲ್ಲಾ ಇನ್ನೊಂದು ಲೋಟ ಟೀಗೆ ನೀರಿಟ್ಟಳಾ?